ಮರದಲ್ಲಿ ಗುಂಪು ಕೆತ್ತುವಾಗ ಕಪ್ಪು ಎಷ್ಟು, ಮುಖ ಎಷ್ಟು?

ಪೆರ್ಲದ ಚಿತ್ರದ ಮೇಷ್ಟ್ರು

ಊರಿನ ಗ್ರಂಥಾಲಯದ ವಾರ್ಷಿಕೋತ್ಸವಕ್ಕೆ ಒಂದು ದೊಡ್ಡ ಮರದಚ್ಚಿನ ಚಿತ್ರ (ಹಲಗೆ ಕೆತ್ತಿ, ಶಾಯಿ ಹಚ್ಚಿ, ಕಾಗದಕ್ಕೆ ಒತ್ತಿ ತೆಗೆಯುವುದು) ಮಾಡಿಕೊಡುತ್ತೇನೆಂದು ಒಪ್ಪಿಕೊಂಡಿದ್ದೇನೆ. ಎರಡಡಿ ಅಗಲ, ಒಂದೂವರೆ ಅಡಿ ಎತ್ತರ, ಬರೀ ಕಪ್ಪು–ಬಿಳುಪು. ವಿಷಯ ಅಡಿಕೆ ಸುಲಿಯುವವರು. ರಾತ್ರಿ ಜಗಲಿಯಲ್ಲಿ ಮೆಟ್ಟುಕತ್ತಿ ಇಟ್ಟುಕೊಂಡು ಕೂತ ಹತ್ತು ಹನ್ನೊಂದು ಜನ, ನಡುವೆ ಸಿಪ್ಪೆಯ ರಾಶಿ. ಯಂತ್ರ ಬಂದ ಮೇಲೆ ಅಂಥ ಕೂಟ ಕಡಿಮೆಯಾಗಿದೆ, ಹಾಗಾಗಿ ಕಮಿಟಿಯವರಿಗೂ ಹಿಡಿಸಿತು.

ಪೆನ್ಸಿಲಿನಲ್ಲಿ ಚಂದ ಬರ್ತದೆ. ಹಿಂದೆ ಕೂತವರಿಗೆ ತೆಳು ಬೂದು, ಮುಂದಿನವರಿಗೆ ಗಾಢ ಹಾಕಿದರೆ ದೂರ–ಹತ್ತಿರ ತಾನಾಗಿ ತಿಳಿಯುತ್ತದೆ. ಹಲಗೆಯಲ್ಲಿ ಬೂದು ಎಂಬುದೇ ಇಲ್ಲ. ಉಳಿಸಿದ್ದು ಕಪ್ಪು, ಕೆತ್ತಿ ತೆಗೆದದ್ದು ಬಿಳಿ. ಒಬ್ಬೊಬ್ಬರ ಸುತ್ತಲೂ ಗೆರೆ ಉಳಿಸುತ್ತ ಹೋದರೆ ಮಕ್ಕಳು ಬಣ್ಣ ತುಂಬುವ ಪುಸ್ತಕದ ಪುಟ ಆಗ್ತದೆ. ಎಲ್ಲರನ್ನೂ ಕಪ್ಪಿಗೆ ಬಿಟ್ಟರೆ ಯಾವ ಕೈ ಯಾರದ್ದು ಗೊತ್ತಾಗುವುದಿಲ್ಲ. ದೊಡ್ಡ ಕಲಾವಿದರು ಇದನ್ನು ಹೇಗೆ ಬಗೆಹರಿಸಿದ್ದಾರೆ? ನೋಡಬೇಕಾದ ಚಿತ್ರಗಳಿದ್ದರೆ ಹೇಳಿ, ಕೈಕೆಲಸದ ಸಲಹೆ ಇದ್ದರೆ ಅದನ್ನೂ ಹೇಳಿ.

ಹಿಡಿಸೂಡಿ

ಮೊದಲು ಸ್ಕೆಚ್ ಹಾಕಿ ಮಾರಾಯ್ರೆ. ನೋಡದೆ ಎಂತ ಹೇಳುವುದು?

ತೆಂಕು ಚಂದ್ರಗಿರಿ

ಸ್ಕೆಚ್ ಬರುವ ಮೊದಲೇ ಒಂದು ಹೆಸರು ಹೇಳಿಬಿಡುತ್ತೇನೆ: ಜರ್ಮನಿಯ ಕೇಥೆ ಕೋಲ್‌ವಿಟ್ಸ್ (1867–1945). ಅವರ ‘ಯುದ್ಧ’ ಸರಣಿಯಲ್ಲಿ ಏಳು ಮರದಚ್ಚುಗಳಿವೆ, 1921–22ರಲ್ಲಿ ಕೆತ್ತಿದ್ದು. ಅದರಲ್ಲಿ ‘ತಾಯಂದಿರು’ ಎಂಬುದನ್ನು ಹುಡುಕಿ, ದೊಡ್ಡದು ಮಾಡಿ ನೋಡಿ. ಹೆಂಗಸರು ಒತ್ತಿಕೊಂಡು ನಿಂತಿದ್ದಾರೆ, ಒಬ್ಬರ ತೋಳು ಇನ್ನೊಬ್ಬರ ಬೆನ್ನಿಗೆ ಬಳಸಿದೆ, ಸಂದಿಯಲ್ಲಿ ಮಕ್ಕಳ ಮುಖ ಇಣುಕುತ್ತದೆ. ಬಟ್ಟೆ ಯಾರದ್ದು ಎಲ್ಲಿ ಮುಗಿಯಿತು, ಮುಂದಿನವಳದ್ದು ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲಿಕ್ಕಾಗುವುದಿಲ್ಲ. ಅಷ್ಟೂ ಒಂದೇ ಕಪ್ಪು. ಬೆಳಕು ಬಿದ್ದಿರುವುದು ಮುಖಕ್ಕೆ ಮತ್ತು ಕೈಗೆ ಮಾತ್ರ.

ನೀವು ತೊಂದರೆ ಅಂತ ಬರೆದಿರಲ್ಲ, ಯಾವ ಕೈ ಯಾರದ್ದು ಗೊತ್ತಾಗುವುದಿಲ್ಲ ಅಂತ, ಆ ಚಿತ್ರ ನಿಂತಿರುವುದೇ ಅದರ ಮೇಲೆ.

ಅವರೇನು ಮೊದಲಿಂದ ಮರ ಕೆತ್ತಿದವರಲ್ಲ. ನೇಕಾರರ ದಂಗೆಯ ಚಿತ್ರಗಳನ್ನು 1890ರ ದಶಕದಲ್ಲಿ ಮಾಡಿದ್ದು ಲಿಥೋಗ್ರಾಫ್ (ಕಲ್ಲಚ್ಚು) ಮತ್ತು ಎಚಿಂಗ್‌ನಲ್ಲಿ (ಲೋಹದ ತಗಡನ್ನು ಆಮ್ಲದಿಂದ ಕೊರೆದು ತೆಗೆಯುವ ಅಚ್ಚು). ರೈತಯುದ್ಧದ ಸರಣಿಯೂ ಎಚಿಂಗ್. ಅಲ್ಲಿಯೂ ಜನರ ಗುಂಪೇ, ಆದರೆ ಬೂದುಬಣ್ಣ ಧಾರಾಳ: ನೆರಳು, ಓಟ, ನುಗ್ಗಾಟ. 1914ರ ಅಕ್ಟೋಬರಿನಲ್ಲಿ ಹದಿನೆಂಟರ ಮಗ ಪೀಟರ್ ಬೆಲ್ಜಿಯಮ್ಮಿನಲ್ಲಿ ಸತ್ತ. ಆ ಯುದ್ಧವನ್ನು ಎಚಿಂಗಿನಲ್ಲಿ, ಕಲ್ಲಚ್ಚಿನಲ್ಲಿ ತರಲು ನೋಡಿದರು, ಒಲಿಯಲಿಲ್ಲ. 1920ರ ಜೂನಿನಲ್ಲಿ ಬರ್ಲಿನ್ನಿನ ಪ್ರದರ್ಶನವೊಂದರಲ್ಲಿ ಜರ್ಮನ್ ಕಲಾವಿದ ಅರ್ನ್ಸ್ಟ್ ಬಾರ್ಲಾಕ್ ಅವರ ಮರದಚ್ಚು ಕಂಡ ಮೇಲೆ ಕೈಗೆ ಉಳಿ ತೆಗೆದುಕೊಂಡದ್ದು. ಆಗ ವಯಸ್ಸು ಐವತ್ತು ದಾಟಿತ್ತು. ಬೂದು ಬಿಟ್ಟದ್ದು ಸಲಕರಣೆ ಇಲ್ಲದೆ ಅಲ್ಲ ಎನ್ನುವುದಕ್ಕೆ ಇಷ್ಟು ಹೇಳಿದೆ.

ಉಪ್ಪಳ–ಶಾರ್ಜಾ

ಕೋಲ್‌ವಿಟ್ಸ್ ನೋಡಲೇಬೇಕು, ಸರಿ. ಆದರೆ ಅಡಿಕೆ ಸುಲಿಯುವಲ್ಲಿ ಅಷ್ಟು ದುಃಖ ಎಲ್ಲಿಂದ? ಅಲ್ಲಿ ಊರಿನ ಸುದ್ದಿ, ನಗೆ, ಒಬ್ಬರ ಮನೆಯ ಮದುವೆ, ಇನ್ನೊಬ್ಬರ ಕೋರ್ಟು ಕೇಸು. ಅದಕ್ಕೆ ನನ್ನ ಆಯ್ಕೆ ಫೆಲಿಕ್ಸ್ ವಾಲೋಟನ್ (1865–1925). ಸ್ವಿಸ್ ಮನುಷ್ಯ, ಪ್ಯಾರಿಸಿನಲ್ಲಿ ಇದ್ದದ್ದು. 1893ರ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ‘ಮೆರವಣಿಗೆ’ಯಲ್ಲಿ ಜನ ಚೆದುರಿ ಓಡುತ್ತಿದ್ದಾರೆ, ಎಲ್ಲರೂ ಮೇಲಿನ ಕಡೆ ಒತ್ತಿಕೊಂಡಿದ್ದಾರೆ, ಕೆಳಗೆ ಬೀದಿಯ ದೊಡ್ಡ ಬಿಳಿ ಖಾಲಿ. ‘ಬಾನ್ ಮಾರ್ಶೆ’ ಎಂಬುದು ಬಟ್ಟೆ ಅಂಗಡಿಯ ನೂಕುನುಗ್ಗಲು. ಕೋಟೂ ಟೋಪಿಯೂ ಕೂಡಿ ಒಂದೇ ಕಪ್ಪು, ಆದರೂ ಪ್ರತಿಯೊಂದು ಮುಖಕ್ಕೂ ಒಂದೊಂದು ಕುಚೇಷ್ಟೆ. ನಾಲ್ಕು ಗೀಟಿನಲ್ಲಿ ಮೂಗು, ಮೀಸೆ, ಜಿಪುಣತನ ಎಲ್ಲ ಬಂದಿದೆ.

ನನಗೆ ಕಾಣುವುದು ಇಷ್ಟು: ಗುಂಪು ಎದ್ದು ನಿಲ್ಲುವುದು ಅದರ ಸುತ್ತ ಬಿಟ್ಟ ಖಾಲಿಯಿಂದ. ಮೇಷ್ಟ್ರು ಸಿಪ್ಪೆ ರಾಶಿಯನ್ನು ಗೆರೆ ಗೆರೆಯಾಗಿ ಕೆತ್ತಲು ಹೊರಟರೆ ಆ ಖಾಲಿ ಹೋಯಿತು. ರಾಶಿಯನ್ನು ಬಿಳಿಯೇ ಬಿಡಿ, ಅಂಚಿನಲ್ಲಿ ಮಾತ್ರ ನಾಲ್ಕು ಗಾಯ ಮಾಡಿ.

ಬೋವಿಕ್ಕಾನ ಲಾಸ್ಟ್ ಬಸ್

ಯಾಕೆ ಎಲ್ಲರೂ ಯುರೋಪಿಗೆ ಓಡುವುದು? ನಮ್ಮ ಬಂಗಾಳದ ಚಿತ್ತಪ್ರಸಾದ್ (1915–1978) ಇಲ್ವಾ? ಸೋಮನಾಥ ಹೋರ್ (1921–2006) ಇಲ್ವಾ? 1946ರ ಕೊನೆಗೆ ತೇಭಾಗಾ ಚಳವಳಿ ನಡೆಯುವಾಗ ಹೋರ್ ರಂಗಪುರದ ಹಳ್ಳಿಗಳಿಗೆ ಹೋಗಿ ಗೇಣಿದಾರರ ನಡುವೆಯೇ ಇದ್ದು ಚಿತ್ರ ಬರೆದರು, ದಿನಚರಿಯನ್ನೂ ಬರೆದರು. ಬೆಳೆಯ ಮೂರರಲ್ಲಿ ಎರಡು ಪಾಲು ಉತ್ತವನಿಗೆ ಎಂಬ ಬೇಡಿಕೆ ಅದು. ಆ ಅನುಭವದಿಂದ ಬಂದ ಮರದಚ್ಚುಗಳಲ್ಲಿ ಒಟ್ಟಾಗಿ ಕೂತ ರೈತರನ್ನು ನೋಡಿ. ಅವರು ನಮ್ಮ ಹಾಗೆ ನೆಲಕ್ಕೆ ಕೂರುವವರು. ಪ್ಯಾರಿಸಿನ ಕೋಟು ಟೋಪಿಯವರಿಂದ ಕುಕ್ಕುರುಗಾಲು ಕೂರುವುದನ್ನು ಕಲಿಯಲಿಕ್ಕೆ ಆಗುವುದಿಲ್ಲ.

ಇನ್ನೊಂದು ಮಾತು. ನಮ್ಮ ಕಾಸರಗೋಡು ಜಿಲ್ಲೆಯಲ್ಲೇ ಕಯ್ಯೂರು ಉಂಟು, ರೈತರು ಜಮೀನುದಾರರ ವಿರುದ್ಧ ಎದ್ದ ಊರು. 1941 ಮಾರ್ಚ್ 28ರ ಮೆರವಣಿಗೆ, 1943 ಮಾರ್ಚ್ 29ಕ್ಕೆ ಕಣ್ಣೂರು ಜೈಲಿನಲ್ಲಿ ನಾಲ್ವರಿಗೆ ಗಲ್ಲು. ನಿರಂಜನರು ಅದನ್ನು ಕನ್ನಡದಲ್ಲಿ ಕಾದಂಬರಿಯಾಗಿಯೇ ಬರೆದರು. ಕಪ್ಪು–ಬಿಳುಪಿನಲ್ಲಿ ಗುಂಪು ಕೆತ್ತುವವನಿಗೆ ಇದಕ್ಕಿಂತ ದೊಡ್ಡ ವಿಷಯ ಬೇಕಾ? ಅಡಿಕೆ ಸುಲಿಯುವುದಂತೆ!

ಹೊಸದುರ್ಗದ ಓದುಗಿ

ಕಯ್ಯೂರಿನ ಪಕ್ಕದವಳಾಗಿ ಹೇಳುತ್ತೇನೆ, ಲಾಸ್ಟ್ ಬಸ್ಸಿನವರು ಸಿಟ್ಟಾಗಬೇಡಿ. ಎತ್ತಿದ ಮುಷ್ಟಿ, ತೆರೆದ ಬಾಯಿ, ಹಿಂದೆ ಬಾವುಟ: ಈ ಗುಂಪನ್ನು ನಮ್ಮ ಕಡೆಯ ಗೋಡೆಗಳಲ್ಲಿ ಎಷ್ಟು ನೋಡಿದ್ದೇವೆಂದರೆ ಈಗ ಕಣ್ಣು ಅದರ ಮೇಲೆ ನಿಲ್ಲುವುದೇ ಇಲ್ಲ. ಅಲ್ಲಿ ಇಪ್ಪತ್ತು ಮುಖ ಬರೆದರೂ ಒಂದೇ ಮುಖ. ಹೋರ್ ಅವರದ್ದು ಇವತ್ತಿಗೂ ತಾಗುವುದು ಅವರ ರೈತರು ಘೋಷಣೆ ಕೂಗದೆ ಇರುವಾಗಲೇ: ಕೇಳುತ್ತಿದ್ದಾರೆ, ಯೋಚಿಸುತ್ತಿದ್ದಾರೆ, ಒಬ್ಬನಿಗೆ ತೂಕಡಿಕೆ. ಸುಲಿಯಲು ಕೂತವರು ಕೂಲಿಯವರಲ್ವಾ? ಅವರಿಗೆ ಬಾವುಟ ಕೊಟ್ಟರೆ ಮಾತ್ರ ಚಿತ್ರಕ್ಕೆ ಯೋಗ್ಯರಾಗುತ್ತಾರಾ?

ಚಿತ್ತಪ್ರಸಾದರ ಹೆಸರು ಬಂದದ್ದಕ್ಕೆ ಒಂದು ವಿವರ. 1943ರ ಬಂಗಾಳದ ಬರಗಾಲದ ಮೇಲಿನ ಅವರ ಪುಸ್ತಿಕೆಯನ್ನು ಬ್ರಿಟಿಷ್ ಸರಕಾರ ಮುಟ್ಟುಗೋಲು ಹಾಕಿ ನಾಶ ಮಾಡಿತು, ಅದರಲ್ಲಿದ್ದದ್ದು ಶಾಯಿಯ ರೇಖಾಚಿತ್ರಗಳು. ದಪ್ಪ ಕಪ್ಪಿನ ಅಚ್ಚುಗಳು ಬೇರೆ, ಅವು ಹೆಚ್ಚಿನವು ಲಿನೋಲಿಯಮ್ಮಿನಲ್ಲಿ (ನೆಲಕ್ಕೆ ಹಾಸುವ ಮೆದು ಹಾಳೆ, ಚಿಕ್ಕದಾಗಿ ಲಿನೋ) ಕೆತ್ತಿದ್ದು. 1946ರ ನಂತರ ಅವರು ಮುಂಬೈಯ ಅಂಧೇರಿಯಲ್ಲಿ ಇದ್ದರು. ದುಡಿಯುವ ಮಕ್ಕಳ ಸರಣಿ ನೋಡಿ. ಲಿನೋದಲ್ಲಿ ಎಳೆ ಇಲ್ಲ, ಉಳಿ ಯಾವ ದಿಕ್ಕಿಗಾದರೂ ತಿರುಗುತ್ತದೆ, ಹಾಗಾಗಿ ಗೆರೆ ಉರುಟುರುಟಾಗಿ ಹರಿಯುತ್ತದೆ. ಮರದಲ್ಲಿ ಅದು ಬರುವುದಿಲ್ಲ, ಬರಿಸಲಿಕ್ಕೆ ಹೋಗಲೂ ಬಾರದು. ಮರಕ್ಕೆ ತನ್ನದೇ ಹಠ ಉಂಟು.

ಬೋವಿಕ್ಕಾನ ಲಾಸ್ಟ್ ಬಸ್

ಸಿಟ್ಟೇನಿಲ್ಲ. ಆದರೆ ಬಾವುಟ ತೆಗೆದುಬಿಟ್ಟರೆ ಚಿತ್ರ ಕ್ಯಾಲೆಂಡರ್ ಆಗುವ ಅಪಾಯವೂ ಉಂಟು. ‘ನಮ್ಮ ಹಳೆಯ ಜೀವನ, ಎಷ್ಟು ಚಂದ ಇತ್ತು’ ಅಂತ. ಸುಲಿದವರಿಗೆ ಸಿಗುತ್ತಿದ್ದ ಕೂಲಿ ಎಷ್ಟೆಂದು ಗ್ರಂಥಾಲಯದ ಗೋಡೆ ಹೇಳುತ್ತದಾ? ಚೀನಾದಲ್ಲಿ ಸಾಹಿತಿ ಲು ಶುನ್ 1931ರ ಆಗಸ್ಟಿನಲ್ಲಿ ಶಾಂಘೈಯಲ್ಲಿ ಮರಗೆತ್ತನೆಯ ತರಗತಿ ನಡೆಸಿದ್ದು, ಅದೇ ವರ್ಷ ಕೋಲ್‌ವಿಟ್ಸ್ ಚಿತ್ರವನ್ನು ಪತ್ರಿಕೆಯಲ್ಲಿ ಹಾಕಿಸಿದ್ದು ಬರೀ ಅಂದಕ್ಕೆ ಅಲ್ಲ. ಒಂದು ಹಲಗೆ, ಒಂದು ಉಳಿ, ಸ್ವಲ್ಪ ಶಾಯಿ ಇದ್ದರೆ ನೂರು ಜನರ ಕೈಗೆ ಮುಟ್ಟುತ್ತದೆ ಅಂತ.

ಮೂರನೇ ತಾಳ

ನಾನು ಕುಂಬಳೆಯವ, ಯಕ್ಷಗಾನ ಆಟದ ಹುಚ್ಚಿನವ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು ಎಂದ ಮೇಲೆ ಅದನ್ನು ಬಿಟ್ಟು ಬೇರೆ ಉದಾಹರಣೆ ಎಲ್ಲಿಂದ ತರಲಿ? ಗ್ಯಾಸ್‌ಲೈಟಿನ ಕಾಲದ ಬಯಲಾಟದ ಬಗ್ಗೆ ಹಿರಿಯರು ಹೇಳುವುದನ್ನು ಕೇಳಿ. ರಂಗಸ್ಥಳದಲ್ಲಿ ಬೆಳಕು, ಮುಂದೆ ಕೂತವರ ಮುಖದ ಅರ್ಧಕ್ಕೆ ಬೆಳಕು, ಮೂರನೇ ಸಾಲಿನಿಂದ ಹಿಂದೆ ಬರೀ ತಲೆಗಳ ಉಬ್ಬುತಗ್ಗು, ಅದರ ಹಿಂದೆ ಕತ್ತಲು. ಅಲ್ಲಿ ಬೂದು ಎಲ್ಲಿತ್ತು? ಮೇಷ್ಟ್ರು ಜಗಲಿಗೆ ಟ್ಯೂಬ್‌ಲೈಟ್ ಹಾಕಿ ಬರೆದಿರಬೇಕು, ಅದಕ್ಕೇ ಎಲ್ಲರೂ ಒಂದೇ ಸಮ ಕಾಣುತ್ತಾರೆ. ರಾಶಿಯ ಪಕ್ಕ ಒಂದು ಲಾಟೀನು ಇಡಿ. ಎಲ್ಲರೂ ಬೆಳಕಿನ ಕಡೆಗೆ ಬಗ್ಗಿದವರು. ಎದುರು ಬದಿಯವರ ಮುಖ ಬಿಳಿ, ಈಚೆ ಬದಿಯವರ ಬೆನ್ನು ಕಪ್ಪು. ಅರ್ಧ ಕೆಲಸ ಲಾಟೀನೇ ಮಾಡ್ತದೆ.

ಪೆರ್ಲದ ಚಿತ್ರದ ಮೇಷ್ಟ್ರು

ಸ್ಕೆಚ್ ಹಾಕಿದ್ದೇನೆ, ಲಾಟೀನು ಸೇರಿಸಿ. ಮುಂದಿನ ಸಾಲಿನಲ್ಲಿ ನಾಲ್ವರು ಬೆನ್ನು ಹಾಕಿ ಕೂತಿದ್ದಾರೆ, ಅಷ್ಟೂ ಒಂದೇ ಕಪ್ಪು. ಹೆಗಲ ಮೇಲಂಚಿಗೆ ಮಾತ್ರ ತೆಳು ಬಿಳಿ. ಒಬ್ಬನಿಗೆ ಮುಟ್ಟಾಳೆ (ಅಡಿಕೆ ಹಾಳೆಯ ಟೋಪಿ) ಹಾಕಿದ್ದೇನೆ. ರಾತ್ರಿ ಜಗಲಿಯಲ್ಲಿ ಮುಟ್ಟಾಳೆ ಯಾಕೆ ಎಂದು ಕೇಳಬೇಡಿ, ಆಕಾರಕ್ಕೆ ಬೇಕಿತ್ತು.

ಹಿಡಿಸೂಡಿ

ಕೇಳಿಯೇ ಕೇಳುತ್ತೇವೆ. ರಾತ್ರಿ ಮುಟ್ಟಾಳೆ ಹಾಕಿದವನನ್ನು ನೋಡಿ ನನ್ನ ಅಜ್ಜಿ ಬಾಗಿಲು ಹಾಕುತ್ತಿದ್ದರು.

ಅದಿರಲಿ. ಇದನ್ನು ಹೀಗೇ ಹಲಗೆಗೆ ಇಳಿಸಿದರೆ ಅಚ್ಚಿನಲ್ಲಿ ಎಡ–ಬಲ ಅದಲುಬದಲು. ಹೆಂಗಸರ ಸೆರಗು ಅಷ್ಟೂ ಬಲ ಹೆಗಲಿಗೆ ಹೋಗ್ತದೆ. ಗಂಡಸರ ಮುಂಡಿನ ತುದಿಯೂ ತಿರುಗ್ತದೆ. ನಮ್ಮೂರಲ್ಲಿ ಮುಂಡನ್ನು ಎಡಕ್ಕೆ ಸಿಕ್ಕಿಸಿದವ ಯಾರು, ಬಲಕ್ಕೆ ಸಿಕ್ಕಿಸಿದವ ಯಾರು ಎಂದು ಜನ ದೂರದಿಂದಲೇ ಓದುತ್ತಾರೆ. ನೀವು ಒಂದೇ ರಾತ್ರಿಯಲ್ಲಿ ಅಷ್ಟೂ ಜನರ ಧರ್ಮ ಬದಲಿಸಿದಿರಿ ಎಂದು ಕಮಿಟಿ ಮೀಟಿಂಗಿನಲ್ಲಿ ಗಲಾಟೆ ಆದೀತು!

ತೆಂಕು ಚಂದ್ರಗಿರಿ

ಅದಕ್ಕೆ ಟ್ರೇಸಿಂಗ್ ಕಾಗದದಲ್ಲಿ ಬರೆದು ಮಗುಚಿ ಹಾಕಿ ಇಳಿಸಿದರೆ ಆಯಿತು. ನಡುನಡುವೆ ಕನ್ನಡಿ ಹಿಡಿದು ನೋಡಿ.

ಅದಕ್ಕಿಂತ ದೊಡ್ಡ ಉಪಾಯ ಹೇಳುತ್ತೇನೆ. ಹಲಗೆಗೆ ಮೊದಲೇ ಇಂಡಿಯನ್ ಇಂಕ್ ಬಳಿದು ಪೂರ್ತಿ ಕಪ್ಪು ಮಾಡಿ. ಅದರ ಮೇಲೆ ಬಿಳಿ ಪೆನ್ಸಿಲಿನಿಂದ ಚಿತ್ರ ಇಳಿಸಿ. ಉಳಿ ಹೋದಲ್ಲೆಲ್ಲ ಮರದ ಬಿಳಿ ಕಾಣುತ್ತದೆ, ಅಚ್ಚಿನಲ್ಲಿ ಬರುವುದೂ ಅದೇ. ಬಿಳಿ ಹಲಗೆಯ ಮೇಲೆ ಕಪ್ಪು ಗೆರೆ ಹಾಕಿ ಕೆತ್ತುವವರು ಗೆರೆಯನ್ನು ಕಾಪಾಡುವುದರಲ್ಲೇ ಸುಸ್ತಾಗುತ್ತಾರೆ. ಕಪ್ಪು ಹಲಗೆಯಲ್ಲಿ ಕೆಲಸ ತಿರುಗಿ ನಿಲ್ಲುತ್ತದೆ: ಎಲ್ಲರೂ ಕತ್ತಲಲ್ಲೇ ಇದ್ದಾರೆ, ಯಾರನ್ನು ಎಷ್ಟು ಹೊರಗೆ ತರುವುದು ಎಂಬುದಷ್ಟೇ ಪ್ರಶ್ನೆ. ಸಂಶಯ ಬಂದಲ್ಲಿ ಕೆತ್ತಬೇಡಿ. ಒಂದು ಕರಡು ಅಚ್ಚು ತೆಗೆದು ನೋಡಿ, ಆಮೇಲೆ ಮುಂದುವರಿಸಿ. ತೆಗೆದ ಮರ ವಾಪಸು ಬರುವುದಿಲ್ಲ.

ಮರದ ಕೆಲಸ ಬದಿಯಡ್ಕ

ನಾನು ಚಿತ್ರದವನಲ್ಲ, ಮರದವ. ಹಲಗೆ ಯಾವುದು ಎಂದು ಇಷ್ಟು ಹೊತ್ತಾದರೂ ಯಾರೂ ಕೇಳಲಿಲ್ಲ. ಸಾಧಾರಣ ಪ್ಲೈವುಡ್ ಆದರೆ ಮೇಲಿನ ಪದರ ತೆಳು, ಎಳೆಗೆ ಅಡ್ಡವಾಗಿ ಉಳಿ ಹೋದ ಕೂಡಲೇ ಸಿಬಿರು ಏಳ್ತದೆ. ಹಲಸು ಹೆಬ್ಬಾಗಿಲಿಗೆ ಒಳ್ಳೆಯದು, ನಿಮಗೆ ಬೇಡ. ಅದರ ಎಳೆ ಒಮ್ಮೆ ಈಚೆ, ಒಮ್ಮೆ ಆಚೆ ತಿರುಗಿರ್ತದೆ, ಕೆನ್ನೆ ಕೆತ್ತುವಾಗ ಉಳಿ ಜಾರಿದರೆ ಮೂಗೇ ಇಲ್ಲ. ಮಾವು ಒರಟು.

ಹಾಲೆ ಮರ ಸಿಕ್ಕಿದರೆ ನೋಡಿ. ಆಟಿ ಅಮಾವಾಸ್ಯೆಗೆ ತೊಗಟೆಯ ಕಷಾಯ ಕುಡಿಯುತ್ತೇವಲ್ಲ, ಅದೇ. ಮೆದು, ಬಿಳಿಚು, ಎಳೆಯ ರಗಳೆ ಇಲ್ಲ. ಹಿಂದೆ ಶಾಲೆಯ ಮಕ್ಕಳ ಬರೆಯುವ ಹಲಗೆ ಅದರಲ್ಲೇ ಮಾಡುತ್ತಿದ್ದದ್ದು. ಬಾಳಿಕೆ ಕಡಿಮೆ, ಆದರೆ ನಿಮಗೆ ನೂರು ವರ್ಷ ಬೇಕಿಲ್ಲವಲ್ಲ. ಅದು ಸಿಗದಿದ್ದರೆ ಔಷಧಿ ಹಾಕಿ ಒಣಗಿಸಿದ ರಬ್ಬರ್ ಮರದ ಜೋಡುಹಲಗೆ, ಅದು ಎಲ್ಲ ಕಡೆ ಉಂಟು. ಯಾವುದಾದರೂ ಫ್ರೆಂಚ್ ಪಾಲಿಶ್ ಎರಡು ಕೋಟು ಹೊಡೆಯಿರಿ, ಹಿಂದಿನ ಬದಿಗೂ ಹೊಡೆಯಿರಿ. ಒಂದೇ ಬದಿಗೆ ಹೊಡೆದ ಹಲಗೆ ಮಳೆಗಾಲದಲ್ಲಿ ಬಾಗಿ ನಿಲ್ತದೆ, ಅಚ್ಚು ನಡುವಲ್ಲಿ ಬೀಳುವುದಿಲ್ಲ. ಎಳೆ ಅಡ್ಡ ಹೋಗುವಂತೆ ಇಟ್ಟುಕೊಳ್ಳಿ. ನಿಮ್ಮ ಜನ ಕೂತದ್ದು ಅಡ್ಡ ಸಾಲಿನಲ್ಲಿ ತಾನೆ?

ಉಪ್ಪಳ–ಶಾರ್ಜಾ

ಇದನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಬೇಕು. ಯಾವ ಕಲಾ ಪುಸ್ತಕವೂ ನಮ್ಮ ಮರ, ನಮ್ಮ ಮಳೆಯ ಲೆಕ್ಕದಲ್ಲಿ ಬರೆದದ್ದಲ್ಲ.

ಎಣ್ಮಕಜೆ ಮನೆ

ದಿನವೂ ಓದುತ್ತಿದ್ದೆ, ಬರೆಯುವ ಯೋಚನೆ ಇರಲಿಲ್ಲ. ‘ತಾಯಂದಿರು’ ಚಿತ್ರವನ್ನು ನೀವು ಹೇಳಿದ ಮೇಲೆ ಹುಡುಕಿ ನೋಡಿದೆ.

ನಮ್ಮ ಕಡೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದು ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ. ಸುಪ್ರೀಂ ಕೋರ್ಟು ದೇಶಕ್ಕೇ ತಡೆ ಹಾಕಿದ್ದು 2011ರಲ್ಲಿ. ಈ ನಡುವೆ, ಆಮೇಲೂ, ಕ್ಯಾಮೆರಾ ಹಿಡಿದವರು ಬಂದರು. ಅವರು ಬಂದದ್ದರಿಂದಲೇ ಹೊರಗಿನವರಿಗೆ ಗೊತ್ತಾಯಿತು, ಇಲ್ಲವೆನ್ನುವುದಿಲ್ಲ. ಆದರೆ ಆ ವಿಷಕ್ಕೆ ತುತ್ತಾದ ನಮ್ಮ ಮಕ್ಕಳ ಮುಖವನ್ನು ಇಷ್ಟು ಜನ ನೋಡಿಯಾಗಿದೆ, ಹೆಸರು ಕೇಳಿದವರು ಕಡಿಮೆ. ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಧರಣಿ ಕೂತಾಗಲೂ ಕ್ಯಾಮೆರಾ ಮೊದಲು ಮಗುವಿನ ಮೇಲೆಯೇ ಹೋಗುತ್ತಿತ್ತು.

ಕೋಲ್‌ವಿಟ್ಸ್ ಚಿತ್ರದಲ್ಲಿ ಮಕ್ಕಳನ್ನು ತೋಳಿನೊಳಗೆ ಇಟ್ಟಿದ್ದಾರೆ. ಎಷ್ಟು ಬೇಕೋ ಅಷ್ಟೇ ಕಾಣುತ್ತದೆ. ತಾಯಂದಿರ ಕೈ ಮಾತ್ರ ದೊಡ್ಡದು, ಅಳತೆಗಿಂತ ದೊಡ್ಡದು. ಅದನ್ನು ನೋಡುತ್ತ ಬಹಳ ಹೊತ್ತು ಕೂತೆ.

ನಮ್ಮ ವಿಷಯವನ್ನು ಕೆತ್ತಿ ಎಂದು ಹೇಳಲು ಬಂದದ್ದಲ್ಲ, ದಯವಿಟ್ಟು ಯಾರೂ ಹಾಗೆ ಶುರುಮಾಡಬೇಡಿ. ಮೇಷ್ಟ್ರಿಗೆ ಹೇಳುವುದು ಇಷ್ಟೇ. ನಿಮ್ಮ ಹನ್ನೊಂದು ಜನರಲ್ಲಿ ಯಾರ ಮುಖ ಕಪ್ಪಿಗೆ ಹೋಗಬೇಕು ಎಂಬುದನ್ನು ಲಾಟೀನಿಗೆ ಬಿಡಬೇಡಿ.

ಬೋವಿಕ್ಕಾನ ಲಾಸ್ಟ್ ಬಸ್

ಅಕ್ಕ, ನೀವು ಬೇಡವೆಂದರೂ ಯಾರಾದರೂ ಒಮ್ಮೆ ಕೆತ್ತಬೇಕು ಎಂದೇ ನನಗೆ ಅನಿಸುತ್ತದೆ. ಮುಖ ಮುಚ್ಚಿಟ್ಟರೆ ಮರೆಯುವವರಿಗೆ ಅನುಕೂಲ.

ಎಣ್ಮಕಜೆ ಮನೆ

ಮುಚ್ಚಿಡುವುದು ಬೇರೆ, ಮಡಿಲಲ್ಲಿ ಇಟ್ಟುಕೊಳ್ಳುವುದು ಬೇರೆ.

ಹೊಸದುರ್ಗದ ಓದುಗಿ

ಈ ಮಾತಿನ ಜೊತೆಗೆ ಇಟ್ಟು ನೋಡಲಿಕ್ಕೆ ಇನ್ನೆರಡು ಚಿತ್ರ. ಬೆಲ್ಜಿಯಮ್ಮಿನ ಫ್ರಾನ್ಸ್ ಮಾಸೆರೀಲ್ 1925ರಲ್ಲಿ ‘ನಗರ’ ಎಂಬ ಹೆಸರಿನಲ್ಲಿ ನೂರು ಮರದಚ್ಚುಗಳನ್ನು ತಂದ, ಒಂದಕ್ಷರ ಬರಹವಿಲ್ಲದೆ. ಬೀದಿ, ಕಾರ್ಖಾನೆ, ಪುಟಪುಟವೂ ಜನ. ನನಗೆ ಅದರಲ್ಲಿ ಕೆಲವು ಕಡೆ ಜನ ಬರೀ ತುಂಬುವ ಸಾಮಾನು ಆಗಿದ್ದಾರೆ ಅನಿಸುತ್ತದೆ. ನಗರದ ಬಗ್ಗೆ ಅವನು ಹೇಳುವುದೂ ಅದನ್ನೇ ಇರಬಹುದು. ಇನ್ನೊಂದು, ಕೋಲ್‌ವಿಟ್ಸ್ ಅವರದ್ದೇ ‘ಸ್ವಯಂಸೇವಕರು’. ಸಾವು ಡೋಲು ಬಡಿಯುತ್ತ ಮುಂದೆ ಹೋಗುತ್ತದೆ, ಹುಡುಗರು ಅದರ ಹಿಂದೆ. ಸಾವಿನ ಪಕ್ಕದಲ್ಲೇ ಇರುವ ಹುಡುಗ ಅವರ ಮಗ ಪೀಟರ್. ಗುಂಪಿನಲ್ಲಿ ಒಬ್ಬನಿಗೆ ಹೆಸರಿದೆ ಎಂದು ಗೊತ್ತಾದ ಮೇಲೆ ಉಳಿದವರ ಮುಖವನ್ನೂ ಮತ್ತೆ ನೋಡಬೇಕಾಗುತ್ತದೆ.

ಪೆರ್ಲದ ಚಿತ್ರದ ಮೇಷ್ಟ್ರು

ಹಳೆಯ ಸ್ಕೆಚ್ ತೆಗೆದು ಹೊಸದು ಹಾಕಿದ್ದೇನೆ. ಬೆನ್ನು ಹಾಕಿದವರು ಈಗ ಇಬ್ಬರೇ. ಲಾಟೀನಿಗೆ ದೂರ ಕೂತ ಮುದುಕಿಯ ಮುಖಕ್ಕೆ ಬೆಳಕು ಬೀಳುವ ಹಾಗಿಲ್ಲ, ಆದರೂ ಕೆತ್ತುತ್ತೇನೆ. ಬೆಳಕಿನ ಶಾಸ್ತ್ರದಲ್ಲಿ ಅದು ಹೊಂದುವುದಿಲ್ಲ ಎಂದು ಯಾರಾದರೂ ಹೇಳಿದರೆ ಹೇಳಲಿ. ಯಜಮಾನರು ಬಾಗಿಲ ಹತ್ತಿರ ನಿಂತು ಲೆಕ್ಕ ಬರೆಯುತ್ತಿದ್ದಾರೆ, ಅವರು ಪೂರ್ತಿ ಕಪ್ಪು, ಕೈಯಲ್ಲಿನ ಪುಸ್ತಕ ಮಾತ್ರ ಬಿಳಿ. ಕೂಲಿಯ ಮಾತು ಎತ್ತಿದ ಲಾಸ್ಟ್ ಬಸ್ಸಿನವರಿಗೆ ಇದು. ಮುಟ್ಟಾಳೆ ತೆಗೆದೆ.

ಮೂರನೇ ತಾಳ

ಬೆಳಕಿನ ಶಾಸ್ತ್ರ ನಾನೇ ಹೇಳುತ್ತೇನೆ: ಹೊಂದುವುದಿಲ್ಲ. ಮುದುಕಿ ಹಿಂದೆ ಇನ್ನೊಂದು ಚಿಮಿಣಿ ಇಡಿ, ಎರಡು ಬೆಳಕು ಇದ್ದರೆ ತಪ್ಪೇನು? ಕಾರಣವಿಲ್ಲದ ಬಿಳಿ ಅಂಟಿಸಿದ ಹಾಗೆ ಕಾಣುತ್ತದೆ.

ತೆಂಕು ಚಂದ್ರಗಿರಿ

ಒಪ್ಪುವುದಿಲ್ಲ. ಮರದಚ್ಚಿನಲ್ಲಿ ಬಿಳಿಗೆ ದೀಪದ ಅಪ್ಪಣೆ ಬೇಕಿಲ್ಲ. ‘ತಾಯಂದಿ’ರಲ್ಲಿ ದೀಪ ಎಲ್ಲಿದೆ, ತೋರಿಸಿ.

ಹಿಡಿಸೂಡಿ

ಇನ್ನು ಇವರಿಬ್ಬರು ಬೆಳಗಿನವರೆಗೆ. ಮೇಷ್ಟ್ರೇ, ಪ್ರೆಸ್ ಉಂಟಾ ನಿಮ್ಮಲ್ಲಿ? ಅಷ್ಟು ದೊಡ್ಡ ಹಲಗೆಗೆ?

ಉಪ್ಪಳ–ಶಾರ್ಜಾ

ಪ್ರೆಸ್ ಬೇಡ. ಹಲಗೆಗೆ ರೋಲರಿನಲ್ಲಿ ತೆಳುವಾಗಿ, ಎರಡು ಮೂರು ಸಲ ಶಾಯಿ ಹಿಡಿಸಿ. ಒಮ್ಮೆಲೇ ದಪ್ಪ ಹಾಕಿದರೆ ಸಣ್ಣ ಬಿಳಿಗೆರೆಗಳು ಮುಚ್ಚಿಹೋಗುತ್ತವೆ. ಮೇಲೆ ತೆಳು ಕೈಕಾಗದ, ಅದರ ಮೇಲೆ ಇನ್ನೊಂದು ಸಾದಾ ಹಾಳೆ. ಸ್ಟೀಲ್ ಚಮಚದ ಬೆನ್ನಿನಿಂದ ನಡುವಿನಿಂದ ಅಂಚಿಗೆ ಉಜ್ಜುತ್ತ ಬನ್ನಿ. ದೊಡ್ಡ ಕಪ್ಪು ಇರುವಲ್ಲಿ ಜಾಸ್ತಿ ಉಜ್ಜಬೇಕು, ಯಜಮಾನರಿಗೆ ಕೈ ನೋಯುವಷ್ಟು. ಒಂದು ಮೂಲೆ ಎತ್ತಿ ನೋಡಿ, ಸಾಲದಿದ್ದರೆ ಮತ್ತೆ ಇಳಿಸಿ ಉಜ್ಜಿ. ಎಣ್ಣೆ ಶಾಯಿ ಆದರೆ ಆಟಿ ತಿಂಗಳ ಮಳೆಯಲ್ಲಿ ತೆಗೆಯಬೇಡಿ, ವಾರವಾದರೂ ಕೈಗೆ ಅಂಟುತ್ತದೆ, ಕಾಗದಕ್ಕೆ ಬೂಷ್ಟು ಬರುತ್ತದೆ. ದೀಪಾವಳಿ ಕಳೆದ ಮೇಲೆ ಶುರುಮಾಡಿ.

ಮರದ ಕೆಲಸ ಬದಿಯಡ್ಕ

ಹಾಲೆ ಹಲಗೆ ನನ್ನ ಶೆಡ್ಡಿನಲ್ಲಿ ಒಂದು ಉಂಟು, ಒಣಗಿದ್ದು. ಪೇಟೆಗೆ ಬಂದಾಗ ನೋಡಿ ಹೋಗಿ. ಉಳಿಗಳನ್ನೂ ತನ್ನಿ, ಸಾಣೆ ಹಿಡಿದು ಕೊಡುತ್ತೇನೆ. ಅಂಗಡಿಯಿಂದ ಬಂದ ಹೊಸ ಉಳಿ ಹರಿತ ಇರುವುದಿಲ್ಲ.